ಮೂರ ವರ್ಷದಿಂದ ಆರಾಮ ಅದೀನಿ, ಮದುವಿ ಮುಂದ ಲಿಥಿಯಂ ಗುಳಿಗಿ ಬಿಡಬಹುದೇನ್ರಿ?

ಘಟಪ್ರಭಾ ದಂಡಿಯವ
ಮಂಗಳವಾರ, ರಾತ್ರಿ 3:12

ಎಲ್ಲಾರಿಗೂ ನಮಸ್ಕಾರ್ರಿ. ನಾ ಮುಧೋಳ ಕಡಿಯವ, ವಯಸ್ಸು 31, ಒಂದ ಸಕ್ಕರಿ ಕಾರ್ಖಾನ್ಯಾಗ ಲ್ಯಾಬ್ ಕೆಮಿಸ್ಟ್ ಅದೀನಿ. ಇದನ್ನ ಬರೀಬೇಕೋ ಬ್ಯಾಡೋ ಅಂತ ಹದಿನೈದ ದಿನ ವಿಚಾರ ಮಾಡಿ ಈಗ ಬರ್ಯಾಕತ್ತೀನಿ, ಯಾಕಂದ್ರ ನಮ್ಮವ್ವ, ಅಪ್ಪ, ತಂಗಿ, ಕಾಕಾ ಇವರನ್ನ ಬಿಟ್ರ ಊರಾಗ ಯಾರಿಗೂ ಈ ವಿಷಯ ಗೊತ್ತಿಲ್ಲ.

ನಾಕ ವರ್ಷದ ಹಿಂದ ಸೀಜನ್ ಜೋರ ನಡದಾಗ ನೈಟ್ ಶಿಫ್ಟ್ ಮ್ಯಾಲ ನೈಟ್ ಶಿಫ್ಟ್ ಬಿದ್ದು ನಿದ್ದಿ ಕೆಟ್ಟಿತ್ರಿ. ಮೊದ್ಲ ಎರಡ ದಿನ ನಿದ್ದಿ ಬರ್ಲಿಲ್ಲ, ಆಮ್ಯಾಲ ನಿದ್ದಿ ಬೇಕು ಅಂತನೂ ಅನಸ್ಲಿಲ್ಲ, ತಲ್ಯಾಗ ಹತ್ತ ವಿಚಾರ ಒಮ್ಮೆಗೇ ಓಡಾವು, ಯಾರ ಮಾತಾಡಿದ್ರೂ ಇವರು ಇಷ್ಟ್ಯಾಕ ಸಾವಕಾಶ ಮಾತಾಡ್ತಾರ ಅಂತ ಸಿಟ್ಟ ಬರಾವು. ಆರನೇ ದಿನ ರಾತ್ರಿ ಎರಡಕ್ಕ ಮ್ಯಾನೇಜರ್‌ಗೆ ಫೋನ್ ಹಚ್ಚಿ ಕಾರ್ಖಾನಿ ಹೆಂಗ ನಡಸ್ಬೇಕು ಅಂತ ಒಂದ ತಾಸ ಹೇಳೀನಂತ. ಅವ್ವನ ಬಿಲ್ವಾರ ಒತ್ತಿ ಇಟ್ಟು ಹಳೇ ಟ್ರ್ಯಾಕ್ಟರ್‌ಗೆ ಅಡ್ವಾನ್ಸ್ ಕೊಟ್ಟ ಬಂದೀನಿ, ನಮಗ ಇರೂ ಹೊಲ ಒಂದೂವರಿ ಎಕರೆ. ಅಪ್ಪ ಮೊದ್ಲ ಗಾಳಿ ಸೋಕೈತಿ ಅಂತ ಎರಡ ಕಡೆ ಕರ್ಕೊಂಡ ಹೋದ, ಕೈಗೆ ದಾರ ಕಟ್ಟಿಸಿದ, ಕಡೀಕ ಬಾಗಲಕೋಟ್ಯಾಗ ಮಾನಸಿಕ ಡಾಕ್ಟರ್ ನೋಡಿ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರೂದು, ಒಮ್ಮೆ ಪೂರಾ ಕುಸಿಯೂದು, ಅಂಥಾ ಜಡ್ಡು) ಅಂದ್ರು, ಹದಿನೆಂಟ ದಿನ ಅಡ್ಮಿಟ್ ಇದ್ದೆ. ಅದು ಇಳದ ಮ್ಯಾಲ ನಾಕ ತಿಂಗಳು ಹಾಸಗಿ ಬಿಟ್ಟ ಏಳ್ಲಿಲ್ಲ, ಆ ನಾಕ ತಿಂಗಳದ ಬಗ್ಗೆ ಇಲ್ಲಿ ಬರಿಯೂದಿಲ್ಲ.

ಆಮ್ಯಾಲ ಆರಾಮ ಆದೆ. ಲಿಥಿಯಂ 300ರದು ಮೂರ ಗುಳಿಗಿ, ರಾತ್ರಿ ಒಲಾಂಜಪಿನ್ ಅಂತ ಇನ್ನೊಂದ ಗುಳಿಗಿ, 10ರದು. ಮೂರ ವರ್ಷ ಆತು, ಒಮ್ಮೆನೂ ತಿರುಗಿ ಬಂದಿಲ್ಲ. ಬಿಲ್ವಾರ ಬಿಡಿಸಿ ತಂದ ಕೊಟ್ಟೀನಿ.

ಈಗ ತ್ರಾಸ ಏನಂದ್ರ ಕೈ ನಡುಗತಾವು. ಲ್ಯಾಬಿನ್ಯಾಗ ಕಬ್ಬಿನ ರಸಾ ಸೋಸಿ ಪೋಲ್ ಟ್ಯೂಬಿನ್ಯಾಗ (ಸಕ್ಕರಿ ಅಂಶ ಅಳಿಯೂ ನಳಿಗಿ) ತುಂಬೂದಿರತೈತಿ, ಬಾಯಿ ತನಾ ತುಂಬಿ ಮ್ಯಾಲ ಗಾಜಿನ ಬಿಲ್ಲಿ ಜಾರಸ್ಬೇಕು, ಒಳಗ ಒಂದ ಗುಳ್ಳಿ ಉಳಿದ್ರೂ ರೀಡಿಂಗ್ ಬರೂದಿಲ್ಲ. ಮೊದ್ಲ ಕಣ್ಣ ಮುಚ್ಚಿ ಮಾಡೂ ಕೆಲಸ ಈಗ ಮೂರ ನಾಕ ಸರೆ ತುಂಬತೀನಿ, ರಸಾ ಅಂಗೈ ಮ್ಯಾಲ ಚೆಲ್ಲಿ ಅಂಟಂಟ ಆಗತೈತಿ. ಬಾಜೂಕಿನ ಹುಡುಗ ಒಂದಿನ ಸಣ್ಣ ದನಿಲೆ "ಅಣ್ಣಾ, ಕುಡದ ಬಂದೀರೇನು" ಅಂದ. ಅವ ಕೆಟ್ಟ ಮನಸಿನಿಂದ ಅಂದಿಲ್ಲ, ಆದ್ರ ಆವತ್ತ ಮನೀಗೆ ಹೋಗಿ ಊಟ ಮಾಡ್ಲಿಲ್ಲ. ತೂಕ 14 ಕೆಜಿ ಏರೇತಿ. ಸೋಮವಾರ ಭಜನ್ಯಾಗ ಹಾಡತಿದ್ದೆ, ಈಗೂ ಹಾಡ್ತೀನಿ, ಸ್ವರ ಬರತೈತಿ, ಆದ್ರ ಮೊದ್ಲಿನಂಗ ಎದಿ ತುಂಬಿ ಬರೂದಿಲ್ಲ.

ಬಸವ ಜಯಂತಿ ಆದ ಮ್ಯಾಲ ಮದುವಿ ಐತಿ. ಹುಡುಗಿ ಜಮಖಂಡಿ ಕಡಿಯಾಕಿ, ಭಾಳ ಚೊಲೋ ಹುಡುಗಿ, ಫೋನ್‌ನ್ಯಾಗ ದಿನಾ ಮಾತಾಡ್ತೀವಿ, ಆದ್ರ ಇದನ್ನ ಹೇಳಿಲ್ಲ. ಕಾಕಾ ಅಂತಾರ, ಮೂರ ವರ್ಷ ಆರಾಮ ಅದಿ, ಇನ್ನ ಯಾಕ ಆ ಗುಳಿಗಿ, ಮದುವಿಕಿಂತ ಮೊದ್ಲ ಬಿಟ್ಟಬಿಡು, ಅಕಿ ಬಂದ ಮ್ಯಾಲ ಕಪಾಟಿನ್ಯಾಗ ನೋಡಿದ್ರ ಹೆಂಗ. ನಾನೂ ಒಂಬತ್ತ ದಿನದ ಹಿಂದ ಲಿಥಿಯಂ ಎರಡಕ್ಕ ಇಳಿಸೀನಿ, ಒಲಾಂಜಪಿನ್ ಪೂರ್ತಿ ಬಿಟ್ಟೀನಿ. ಕೈ ಭಾಳ ಕಮ್ಮಿ ಆಗೇತಿ, ಮೈ ಹಗುರ ಆಗೇತಿ, ಮೂರ ವರ್ಷದಾಗ ಇಷ್ಟ ಚೊಲೋ ಅನಿಸಿರ್ಲಿಲ್ಲ ಖರೇ.

ಯಾರಾದ್ರೂ ಬಿಟ್ಟವರ ಅದೀರೇನ್ರಿ? ಬಿಟ್ಟು ಆರಾಮ ಇದ್ದವರು? "ಡಾಕ್ಟರ್ ಕೇಳ್ರಿ" ಅಂತ ಅಷ್ಟ ಹೇಳಿ ಬಿಡಬ್ಯಾಡ್ರಿ. ಡಾಕ್ಟರ್ ಕಡೆ ಹೋದ್ರ ನಿದ್ದಿ ಊಟ ಸರಿ ಐತೇನು ಅಂತಾರ, ಹೂಂ ಅಂತೀನಿ, ಅದ ಗುಳಿಗಿ ಮತ್ತ ಬರದ ಕೊಡ್ತಾರ, ಹೊರಗ ನಲವತ್ತ ಮಂದಿ ಕುಂತಿರ್ತಾರ.

ಜ್ವಾಳದ ತೆನಿ
ಮಂಗಳವಾರ, ಮುಂಜಾನೆ 7:50

ನಾನು ಬಿಟ್ಟಾಕಿ ರಿ. ಅದಕ್ಕೇ ಬರೀಲಿಕ್ಕೆ ಕೂತೀನಿ, ಸಾಲಿಗೆ ಹೋಗೂದು ತಡಾ ಆದ್ರೂ ಅಡ್ಡಿ ಇಲ್ಲ. ನಂದು ವಿಜಯಪುರ ಜಿಲ್ಲಾ, ಬಸವನ ಬಾಗೇವಾಡಿ ಕಡೆ, ಪ್ರೈಮರಿ ಟೀಚರ್.

ನನ್ನ ಜಡ್ಡು ಬ್ಯಾರೆ. ನನಗ ಯಾರೋ ಮಾತಾಡಿದಂಗ ಕೇಳತಿತ್ತು, ಸ್ಟಾಫ್ ರೂಮಿನ್ಯಾಗ ಎಲ್ಲಾರೂ ನನ್ನ ಬಗ್ಗೇನೇ ಗುಸುಗುಸು ಮಾಡ್ತಾರ ಅಂತ ಖಾತ್ರಿ ಆಗಿತ್ತು. ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸಿಗೆ ಕರ್ಕೊಂಡು ಹೋಗಿದ್ರು. ರಿಸ್ಪೆರಿಡೋನ್ ಶುರು ಆತು, ಎರಡು ತಿಂಗಳಿಗೆ ಆ ದನಿ ನಿಂತ್ವು, ಆದರ ಮುಟ್ಟೂ ನಿಂತಿತು. ಏಳು ತಿಂಗಳು. ಮದುವಿ ಆಗದ ಹುಡುಗಿ, ಅವ್ವಗ ಹೇಳ್ಲಿಕ್ಕೆ ಅಂಜಿಕಿ, ಡಾಕ್ಟರ್ ಗಂಡಸರು, ಹಿಂದ ಅಪ್ಪ ನಿಂತಿರ್ತಿದ್ರು, ಅವರ ಮುಂದ ಹೆಂಗ ಹೇಳೂದು. ಗುಳಿಗಿದೇ ಕೆಲಸ ಅಂತ ನನಗ ಗೊತ್ತಿತ್ತು, ಅದಕ್ಕ ಬಿಟ್ಟೆ.

ಅವ್ವ ದಿನಾ ರಾತ್ರಿ ಕೈಯಾಗ ಗುಳಿಗಿ, ನೀರು ಕೊಟ್ಟು ನಿಂದರ್ತಿದ್ಲು. ನಾ ನಾಲಿಗಿ ಕೆಳಗ ಇಟ್ಕೊಂಡು ನೀರು ಕುಡಿದು ಒಳಗ ಹೋಗಿ ಜ್ವಾಳದ ಚೀಲದಾಗ ಹಾಕ್ತಿದ್ದೆ. ಸಿದ್ಧೇಶ್ವರ ಜಾತ್ರಿ ಮುಗಿದ ವಾರ ಶುರು ಮಾಡಿದ್ದು. ಫೆಬ್ರವರಿ ಆರಾಮ. ಮಾರ್ಚ್ ಆರಾಮ, ಮುಟ್ಟು ತಿರುಗಿ ಬಂತು, ಮೈಯಾಗ ಹುರುಪು ಬಂತು, ಪರೀಕ್ಷಾ ಪೇಪರ್ ಎಲ್ಲಾರಕಿಂತ ಮೊದಲು ತಿದ್ದಿ ಕೊಟ್ಟೆ. ನೋಡು, ನನಗ ಜಡ್ಡೇ ಇರ್ಲಿಲ್ಲ, ಇವರು ಸುಮ್ಮನ ಕಟ್ಟಿ ಹಾಕಿದ್ರು ಅಂತ ನನಗ ನಾನೇ ಹೇಳ್ಕೊಂಡೆ. ನಿಮಗ ಇದನ್ನ ಒತ್ತಿ ಹೇಳಬೇಕು ಅಂತೀನಿ. ಬಿಟ್ಟ ಕೂಡ್ಲೆ ಏನೂ ಆಗೂದಿಲ್ಲ. ಅದೇ ಮೋಸ ಮಾಡ್ತದ. ಮರುದಿನಾನೇ ತ್ರಾಸ ಆಗಿದ್ರ ಯಾರೂ ಬಿಡ್ತಿದ್ದಿಲ್ಲ.

ಏಪ್ರಿಲ್‌ನ್ಯಾಗ ಅವ್ವ ಬೀಸಲಿಕ್ಕೆ ಕೊಡಬೇಕು ಅಂತ ಜ್ವಾಳ ಮೊರದಾಗ ಹಾಕ್ಕೊಂಡು ಹಸನು ಮಾಡ್ಲಿಕ್ಕೆ ಕೂತಾಳ. ಹರಳು ಅಂತ ಆರಿಸಿ ತಗದಾಳ, ಬೆರಳಾಗ ಒತ್ತಿದ್ರ ಪುಡಿ ಆಗ್ಯಾವ. ಒಂದೊಂದೇ ಆರಿಸಿ ಸೆರಗಿನ್ಯಾಗ ಹಾಕ್ಕೊಂಡು ಎಣಿಸ್ಯಾಳ. ಐವತ್ತರ ಮ್ಯಾಲ ಇದ್ವು. ನಾ ಒಳಗ ಬಂದಾಗ ಅಕಿ ನನಗ ಬೈಲಿಲ್ಲ ರಿ, "ಇಷ್ಟು ದಿನ ಒಬ್ಬಾಕಿನೇ ಇದನ್ನ ಹೆಂಗ ತಡ್ಕೊಂಡಿ" ಅಂದ್ಲು. ಆದರ ಅಷ್ಟೊತ್ತಿಗೆ ತಡಾ ಆಗಿತ್ತು. ದನಿ ಬಂದಿದ್ವು, ಗುಳಿಗಿ ಎಣಿಸಲಿಕತ್ತ ಅವ್ವ ನನಗ ವಿಷಾ ಹಾಕ್ಲಿಕ್ಕೆ ಬಂದಾಕಿ ಹಂಗ ಕಂಡ್ಲು. ಎರಡನೇ ಸರ್ತಿ ಅಡ್ಮಿಟ್ ಆದೆ, ಮತ್ತ ಮೊದಲಿನಂಗ ಆಗ್ಲಿಕ್ಕೆ ಹನ್ನೊಂದು ತಿಂಗಳು ಹಿಡೀತು. ಮೊದಲ ಸರ್ತಿ ಮೂರೇ ತಿಂಗಳಿಗೆ ಎದ್ದಿದ್ದೆ.

ಎರಡನೇ ಸರ್ತಿ ಒಬ್ಬ ನರ್ಸ್ ಅಕ್ಕಾರು ನನ್ನ ಬಾಜೂ ಕೂತು, ಯಾಕ ಬಿಟ್ಟಿ ಅಂತ ಕೇಳಿದ್ರು. ಹೇಳಿದೆ. ರಕ್ತಾ ತಪಾಸಿಸಿದ್ರು, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಏರಿತ್ತು, ರಿಸ್ಪೆರಿಡೋನ್‌ಗೆ ಅದು ಆಗ್ತದಂತ. ಗುಳಿಗಿ ಬದಲ್ ಮಾಡಿ ಅರಿಪಿಪ್ರಜೋಲ್ ಕೊಟ್ರು. ಮುಟ್ಟು ಸರಿ ಆತು, ಇವತ್ತಿಗೂ ಸರಿ ಅದ, ದನೀನೂ ಇಲ್ಲ. ಒಂದು ಮಾತು ಹೇಳಿದ್ರ ಸಾಕಿತ್ತು. ಆ ಒಂದು ಮಾತಿಗೆ ನಂದು ಒಂದು ವರ್ಷ ಹೋತು.

ನಿಮ್ಮ ಕೈ ನಡುಗೂದು ಡಾಕ್ಟರ್‌ಗೆ ಹೇಳೀರಾ? ಹೂಂ ಅಂತ ಎದ್ದು ಬಂದೀರಿ ಅಂತ ನೀವೇ ಬರದೀರಿ.

ಗಟ್ಟಿ ಮನಸು
ಮಂಗಳವಾರ, ಮುಂಜಾನೆ 9:05

ಅಣ್ಣಾರ, ಈ ಗುಳಿಗಿ ಒಮ್ಮೆ ಹಿಡಿದ್ರ ಬಿಡೂದಿಲ್ಲ, ಚಟ ಆಗತೈತಿ. ನೀವಂತೂ ಆರಾಮ ಅದೀರಿ. ಮುಂಜಾನೆ ಎದ್ದು ಪ್ರಾಣಾಯಾಮ ಮಾಡ್ರಿ, ಹೊಲದಾಗ ದುಡೀರಿ, ಮನಸ್ಸು ಗಟ್ಟಿ ಮಾಡ್ರಿ, ಮದುವಿ ಆದ್ರ ಎಲ್ಲಾ ಸರಿ ಹೋಗತೈತಿ. ನಿಮ್ಮ ಕಾಕಾ ಹೇಳೂದು ಬರೋಬ್ಬರಿ ಐತಿ.

ಜ್ವಾಳದ ತೆನಿ
ಮಂಗಳವಾರ, ಮಧ್ಯಾಹ್ನ 1:20

ನೀವು ಒಳ್ಳೇದಾಗ್ಲಿ ಅಂತನೇ ಹೇಳೀರಿ, ನಮ್ಮ ಅಪ್ಪಾಜಿನೂ ಇದೇ ಮಾತು ಹೇಳ್ತಿದ್ರು. ಪ್ರಾಣಾಯಾಮ ನಾನೂ ದಿನಾ ಮಾಡ್ತೀನಿ, ಭಾಳ ಛಲೋ, ಬಿಡೂದಿಲ್ಲ. ಆದರ ಗಟ್ಟಿ ಮಾಡ್ಕೋಬೇಕಾದ ಮನಸ್ಸೇ ಜಡ್ಡಿಗೆ ಬಿದ್ದಾಗ ಯಾವುದನ್ನ ಹಿಡಕೊಂಡು ಗಟ್ಟಿ ಮಾಡೂದು ರಿ? ಇನ್ನ ಮದುವಿ ಆದ್ರ ಸರಿ ಹೋಗ್ತದ ಅನ್ನೂದು ಬ್ಯಾಡ. ಬರೂ ಹುಡುಗಿ ಏನು ಔಷಧಾನ?

ಕ್ಯಾಂಪ್ ರೋಡ್
ಮಂಗಳವಾರ, ಮಧ್ಯಾಹ್ನ 2:45

ನಾನು ಬೆಳಗಾವಿ, ಬ್ಯಾಂಕ್ ನೌಕರಿ. ಬಿಟ್ಟು ಆರಾಮ ಇದ್ದವರು ಯಾರಾದ್ರೂ ಇದ್ದೀರಾ ಅಂತ ಕೇಳಿದ್ರಿ, ನಾನಿದೀನಿ. ಎರಡು ವರ್ಷ ಆಯ್ತು, ಒಂದೂ ಗುಳಿಗೆ ಇಲ್ಲ. ಆದರೆ ನಂದು ಪೂರ್ತಿ ಓದಿ, ಅರ್ಧಕ್ಕೆ ನಿಲ್ಲಿಸಬೇಡಿ.

ನನಗಿದ್ದದ್ದು ಡಿಪ್ರೆಶನ್, ಅದೂ ಜೀವನದಾಗ ಒಂದೇ ಸಲ, ತಂದೆ ತೀರಿಕೊಂಡ ವರ್ಷ. ಎಸ್ಸಿಟಾಲೋಪ್ರಾಮ್ 20 ಎಂಜಿ. ಪೂರ್ತಿ ಆರಾಮ ಅನಿಸಿದ ಮೇಲೂ ಡಾಕ್ಟರ್ ಬಿಡಲಿಲ್ಲ, ಮೊದಲನೇ ಸಲ ಡಿಪ್ರೆಶನ್ ಆದವರು ಆರಾಮ ಆದ ಮೇಲೆ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಪದೇ ಪದೇ ಆದವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಅಂತ ಅಂದ್ರು. ಹತ್ತು ತಿಂಗಳಾದ ಮೇಲೆ ನಾನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಕ್ಯಾಲೆಂಡರ್ ತೆಗೆದು ಮಾತಾಡಿದ್ರು, ಮಾರ್ಚ್ ಕ್ಲೋಸಿಂಗ್ ಇದ್ದಾಗ ಬೇಡ, ತಂದೆಯವರ ವರ್ಷಾಂತಕ ಮುಗೀಲಿ ಅಂದ್ರು. 20ರಿಂದ 10ಕ್ಕೆ ಬರೋದು ಸಲೀಸು ಇತ್ತು. ಕಡೆಯ 5ರಿಂದ ಸೊನ್ನೆಗೆ ಬರೋದು ಕಷ್ಟ ಆಯ್ತು, ಕಣ್ಣು ಆ ಕಡೆ ಈ ಕಡೆ ತಿರುಗಿಸಿದರೆ ತಲೆಯೊಳಗೆ ಚುರುಕ್ ಅಂತ ಶಾಕ್ ಹೊಡೆದ ಹಾಗೆ, ತಲೆಸುತ್ತು, ಕಾರಣ ಇಲ್ಲದೆ ಮಗಳ ಮೇಲೆ ರೇಗಿದೆ. ಕಡಿಮೆ ಡೋಸ್‌ನಲ್ಲಿ ಸ್ವಲ್ಪ ಇಳಿಸಿದರೂ ಮೆದುಳಿಗೆ ಅದು ದೊಡ್ಡ ಇಳಿಕೆ ಅಂತೆ, ಅದಕ್ಕೆ ಮತ್ತೆ 5ಕ್ಕೆ ಏರಿಸಿ ಡ್ರಾಪ್ಸ್ ರೂಪದ ಔಷಧದಲ್ಲಿ ಸ್ವಲ್ಪ ಸ್ವಲ್ಪ ಇಳಿಸಿದ್ರು. ಒಟ್ಟು ಎಂಟು ತಿಂಗಳು ಹಿಡೀತು. ಹೆಂಡತಿಗೆ ಎಲ್ಲಾ ಗೊತ್ತಿತ್ತು, ಯಾವ ಲಕ್ಷಣ ಕಂಡರೆ ಡಾಕ್ಟರ್‌ಗೆ ಫೋನ್ ಮಾಡಬೇಕು ಅಂತ ಅವಳ ಮೊಬೈಲ್‌ನಲ್ಲಿ ಬರೆದಿಟ್ಟಿದ್ಲು. ಮೊದಲನೇ ಲಕ್ಷಣ, ನಾನು ಬೆಳಿಗ್ಗೆ ಪೇಪರ್ ಓದೋದು ನಿಲ್ಲಿಸೋದು.

ಇಂಗ್ಲೆಂಡಿನಲ್ಲಿ 478 ಜನರ ಮೇಲೆ ಮಾಡಿದ ಒಂದು ಪ್ರಯೋಗ 2021ರಲ್ಲಿ ಪ್ರಕಟ ಆಗಿದೆ, ಡಿಪ್ರೆಶನ್ ಗುಳಿಗೆ ಬಹಳ ದಿನದಿಂದ ತಗೊಂಡು ಆರಾಮ ಇದ್ದು ಬಿಡಬಹುದು ಅನಿಸಿದವರು ಅವರು. ಒಂದು ವರ್ಷದೊಳಗೆ ಗುಳಿಗೆ ಮುಂದುವರಿಸಿದವರಲ್ಲಿ 39% ಜನಕ್ಕೆ ಕಾಯಿಲೆ ಮರಳಿತು, ನಿಧಾನಕ್ಕೆ ಇಳಿಸಿ ಬಿಟ್ಟವರಲ್ಲಿ 56% ಜನಕ್ಕೆ. ಇದನ್ನ ಎರಡೂ ಕಡೆಯಿಂದ ಓದಬೇಕು ಅಂತ ನನಗೆ ಅನಿಸುತ್ತೆ. ಬಿಟ್ಟವರಲ್ಲೂ ನೂರಕ್ಕೆ 44 ಜನ ಚೆನ್ನಾಗಿದ್ರು, ಅವರಲ್ಲಿ ನಾನೊಬ್ಬ ಅಂದ್ಕೊಳ್ಳಿ. ಆದರೆ ಅದು ಡಿಪ್ರೆಶನ್ ಲೆಕ್ಕ. ನಿಮ್ಮದು ಬೈಪೋಲಾರ್, ಲಿಥಿಯಂ. ನನ್ನನ್ನ ನೋಡಿ ನೀವು ಬಿಡೋದು ಅಂದ್ರೆ ಬೇರೆಯವರ ಚಷ್ಮಾ ಹಾಕ್ಕೊಂಡು ಗಾಡಿ ಓಡಿಸಿದ ಹಾಗೆ.

ಅಥಣಿ ಅಕ್ಕ
ಮಂಗಳವಾರ, ರಾತ್ರಿ 8:30

ತಮ್ಮಾ, ಎಲ್ಲಾರೂ ಗುಳಿಗಿ ಬಗ್ಗೆ ಹೇಳ್ಯಾರ, ನಾ ಒಂದ ಕೇಳ್ತೀನಿ. ನೀ ಇದನ್ನ ಬರದದ್ದು ರಾತ್ರಿ 3:12ಕ್ಕ. ಈಗ ಕಾರ್ಖಾನಿ ಸೀಜನ್ ಮುಗದೈತಿ, ಕಬ್ಬ ನುರ್ಸೂದು ಬಂದ್ ಐತಿ, ನೈಟ್ ಶಿಫ್ಟ್ ಇರಾಕಿಲ್ಲ. ನಿದ್ದಿ ಎಷ್ಟ ತಾಸು ಆಗಾಕತ್ತೈತಿ? ಖರೇ ಹೇಳು.

ಯಾಕ ಕೇಳ್ತೀನಂದ್ರ ನನ್ನ ತಮ್ಮಗೂ ಇದ ಜಡ್ಡು, ಇದ ಲಿಥಿಯಂ. ಐದ ವರ್ಷ ಚೊಲೋ ಇದ್ದ, ಕಬ್ಬಿನ ಗ್ಯಾಂಗ್ ನೋಡ್ಕೋತಿದ್ದ. ಮದುವಿ ಗೊತ್ತಾದ ಮ್ಯಾಲ ಮನ್ಯಾಗ ಹಿರ್ಯಾರೆಲ್ಲಾ ಕುಂತು ಗುಳಿಗಿ ಬಿಡಿಸಿದ್ರು, ಹುಡುಗಿ ಕಡೆ ಹೇಳೂದು ಬ್ಯಾಡ ಅಂದ್ರು, ನಾನೂ ಸುಮ್ಮ ಕುಂತೆ, ಆ ತಪ್ಪ ನಂದೂ ಐತಿ. ಒಮ್ಮೆಗೇ ಬಿಟ್ಟ. ಅರಿಷಿಣ ಹಚ್ಚೂ ದಿನ ರಾತ್ರಿ ಪೂರಾ ಕುಣದ, ಎಲ್ಲಾರೂ ಮದಿಮಗ ಖುಷಿ ಆಗ್ಯಾನ ಅಂತ ನಕ್ಕರು. ನನಗ ಒಬ್ಬಾಕಿಗೆ ಹೊಟ್ಯಾಗ ಕಲಮಲ ಆತು, ಯಾಕಂದ್ರ ಅವನ ಕಣ್ಣ ನಾ ಮೊದ್ಲ ನೋಡಿದ್ದೆ. ಮದುವಿ ಆಗಿ ಹನ್ನೆರಡ ದಿನಕ್ಕ ಪೊಲೀಸರು ಕರ್ಕೊಂಡ ಬಂದು ಬಿಟ್ಟ ಹೋದ್ರು. ಆ ಹುಡುಗಿ ತವರಿಗೆ ಹೋದಾಕಿ ತಿರುಗಿ ಬರ್ಲಿಲ್ಲ. ಹೋಗೂಮುಂದ ನನಗ ಅಂದ ಮಾತು, "ಜಡ್ಡ ಐತಿ ಅಂತ ನಾ ಹೋಗಾಕತ್ತಿಲ್ಲ ವೈನಿ, ನನಗ ಯಾರೂ ಹೇಳ್ಲಿಲ್ಲಲ್ಲ" ಅಂದ್ಲು. ನನಗ ವೈನಿ ಅಂತಿದ್ಲು. ಇಪ್ಪತ್ತಮೂರ ವರ್ಷದ ಹುಡುಗಿ.

ಅದಕ್ಕ ನಿಮ್ಮ ಕಾಕಾನ ಮಾತ ಕೇಳಬ್ಯಾಡ. ಗುಳಿಗಿ ಮುಂದ ಯಾವಾಗರ ಕಮ್ಮಿ ಆಗಬಹುದು, ಬ್ಯಾರೆದು ಕೊಡಬಹುದು, ಅದನ್ನ ಡಾಕ್ಟರ್ ಕೂಡ ಕುಂತು ಮಾಡು. ಆದ್ರ ಮದುವಿ ಸಮ್ಮಂದ ಬಿಡಬ್ಯಾಡ. ಮದುವಿ ಮನಿ ಅಂದ್ರ ನಿದ್ದಿ ಇಲ್ಲ, ಊಟದ ಹೊತ್ತಿಲ್ಲ, ಬ್ಯಾಸಗಿ, ಗದ್ದಲ. ಬಿಡಾಕ ಅದಕಿಂತ ಕೆಟ್ಟ ಹೊತ್ತ ಇನ್ನೊಂದಿಲ್ಲ. ಆ ಹುಡುಗಿಗೆ ಹೇಳು. ಕಾಕಾನ ಕಡಿಂದ ಅಲ್ಲ, ನಿನ್ನ ಬಾಯಿಂದ.

ಔಷಧ ಅಂಗಡಿ
ಬುಧವಾರ, ರಾತ್ರಿ 10:15

ನಂದು ಇಳಕಲ್ಲಿನ್ಯಾಗ ಮೆಡಿಕಲ್ ಶಾಪ್, ಹದಿನೇಳ ವರ್ಷ ಆತು. ನಾ ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ನಮ್ಮ ಕೌಂಟರ್‌ಗೆ ಬಂದು "ಅದ ಗುಳಿಗಿ ಅರ್ಧ ಚೀಟಿ ಕೊಡ್ರಿ" ಅನ್ನಾವರನ್ನ ನೋಡಿದ ಕೂಡ್ಲೆ ತಿಳೀತೈತಿ, ಇವರು ತಾವ ಕಮ್ಮಿ ಮಾಡ್ಕೊಂಡಾರ ಅಂತ.

ಲಿಥಿಯಂ ಬ್ಯಾರೆ ಗುಳಿಗಿ ಹಂಗ ಅಲ್ರಿ. ಅದೊಂದು ಲವಣ, ನಾವ ತಿನ್ನೂ ಉಪ್ಪಿನ ಸೋಡಿಯಂ ಬಳಗದ್ದ, ಮೂತ್ರಪಿಂಡ ಅವೆರಡನ್ನೂ ಹೆಚ್ಚೂಕಮ್ಮಿ ಒಂದ ಥರಾ ನೋಡತೈತಿ. ಬೆವರ ಭಾಳ ಹರದು, ನೀರು ಉಪ್ಪು ಕಮ್ಮಿ ಆದ್ರ ಮೂತ್ರಪಿಂಡ ಸೋಡಿಯಂ ಹಿಡದಿಟ್ಕೋತೈತಿ, ಅದ್ರ ಸಂಗತಿ ಲಿಥಿಯಮ್ಮನೂ ಹಿಡದಿಡತೈತಿ, ರಕ್ತದಾಗ ಏರತೈತಿ. ಅದಕ್ಕ ನಮ್ಮ ಕಡೆ ಏಪ್ರಿಲ್ ಮೇ ಒಳಗ ಲಿಥಿಯಂ ತಗೊಳ್ಳಾವರು ನೀರು ಮಜ್ಜಿಗಿ ಬಿಡಬಾರ್ದು, ಉಪವಾಸ ಮಾಡಬಾರ್ದು, ಒಮ್ಮೆಗೇ ಉಪ್ಪ ಬಿಡಬಾರ್ದು. ಇನ್ನೊಂದು, ಮೈಕೈ ನೋವು ಅಂತ ಕಿರಾಣಿ ಅಂಗಡಿಯಾಗಿನ ನೋವಿನ ಗುಳಿಗಿ, ಡೈಕ್ಲೋಫೆನಾಕ್, ಐಬುಪ್ರೊಫೆನ್, ಇವನ್ನ ತಗೊಂಡ್ರೂ ಲಿಥಿಯಂ ಏರತೈತಿ. ಕೆಲವು ಬಿಪಿ ಗುಳಿಗಿನೂ ಹಂಗ. ಜ್ವರಕ್ಕ ಪ್ಯಾರಾಸಿಟಮಾಲ್ ನಡೀತೈತಿ. ವಾಂತಿ ಭೇದಿ ಶುರು ಆತು, ಕೈ ದೊಡ್ಡದಾಗಿ ಅದರಾಕತ್ವು, ನಡದ್ರ ಜೋಲಿ ಹೊಡದಂಗ, ಮಾತು ತೊದಲಾಕತ್ತು ಅಂದ್ರ ಅದು ವಿಷ ಏರಿದ ಲಕ್ಷಣ, ಆವಾಗ ಮರುದಿನ ನೋಡೂಣು ಅನ್ನಬಾರ್ದು, ಅವತ್ತ ದವಾಖಾನಿಗೆ ಓಡಬೇಕು.

ನಿಮ್ಮ ಕೈ ನಡುಕದ ಬಗ್ಗೆ. ಲಿಥಿಯಂ ತಗೊಳ್ಳಾವರಿಗೆ ಸಣ್ಣ ನಡುಕ ಸಾಮಾನ್ಯ. ಆದ್ರ ನೀವು ಕಡೀ ಸರೆ ರಕ್ತದಾಗ ಲಿಥಿಯಂ ಎಷ್ಟೈತಿ ಅಂತ ಯಾವಾಗ ನೋಡಿಸೀರಿ? ನೀವ ಬರದದ್ದರಾಗ ಆ ಮಾತ ಇಲ್ಲ. ಸಾಮಾನ್ಯವಾಗಿ ಲೀಟರ್‌ಗೆ 0.6ರಿಂದ 0.8 ಮಿಲಿಮೋಲ್ ಒಳಗ ಇಟ್ಟಿರ್ತಾರ, ಕೆಲವರಿಗೆ 1.0 ತನಾ. ನಿಮ್ಮದು ಮ್ಯಾಲ ಹೋಗಿದ್ರ ನಡುಕ ಅದಕ್ಕ ಇರಬಹುದು, ಡಾಕ್ಟರ್ ಲೆಕ್ಕಾ ಮಾಡಿ ಡೋಸ್ ಇಳಸ್ತಾರ. ಬರೋಬ್ಬರಿ ಇದ್ದೂ ನಡುಗಿದ್ರ ಪ್ರೊಪ್ರನೊಲಾಲ್ ಅಂತ ಗುಳಿಗಿ ಕೊಡೂದೈತಿ, ಆದ್ರ ಉಬ್ಬಸ ಇದ್ದವರಿಗೆ ಅದು ಬ್ಯಾಡ. ಮೂರ ವರ್ಷ ತಗೊಂಡೀರಿ ಅಂದ್ರ ಆರ ತಿಂಗಳಿಗೊಮ್ಮೆ ಥೈರಾಯ್ಡ್, ಕ್ರಿಯಾಟಿನಿನ್ (ಮೂತ್ರಪಿಂಡದ್ದು) ಟೆಸ್ಟೂ ಆಗಬೇಕು. ಭಜನ್ಯಾಗ ಎದಿ ತುಂಬಿ ಬರೂದಿಲ್ಲ ಅಂದ್ರಿ, ಅದು ನನಗ ಭಾಳ ಹತ್ತಿತ್ರಿ. ಥೈರಾಯ್ಡ್ ಕಮ್ಮಿ ಆದ್ರೂ ಮನಸ್ಸು ಮಂಕ ಆಗತೈತಿ, ತೂಕ ಏರತೈತಿ, ಲಿಥಿಯಂನಿಂದ ಥೈರಾಯ್ಡ್ ಕಮ್ಮಿ ಆಗೂದು ಅಪರೂಪ ಅಲ್ಲ. ತೂಕಕ್ಕ ಒಲಾಂಜಪಿನ್ನೂ ಕಾರಣ ಆಗತೈತಿ. ಎರಡೂ ಗುಳಿಗಿ ಇನ್ನೂ ಇಷ್ಟ ಬೇಕೇನು ಅಂತ ಕೇಳೂ ಹಕ್ಕ ನಿಮಗೈತಿ. ಒಂದನ್ನ ಇಟ್ಕೊಂಡು ಇನ್ನೊಂದನ್ನ ಸಾವಕಾಶ ಇಳಿಸಿದ ಪೇಶಂಟ್ ನಮ್ಮ ಕಡೆನೂ ಅದಾರ.

ಮತ್ತ ಇನ್ನೊಂದ್ ಹೇಳಬೇಕು. ಲಿಥಿಯಂ ಬಿಡೂದ ಆದ್ರೂ ಕನಿಷ್ಠ ನಾಕ ವಾರ, ಸಾಧ್ಯ ಆದ್ರ ಮೂರ ತಿಂಗಳ ತನಾ ಎಳದು ಇಳಸ್ಬೇಕು ಅಂತ ಐತಿ. ಝಟ್ ಅಂತ ಬಿಟ್ರ ಮೇನಿಯಾ (ಮನಸ್ಸು ವಿಪರೀತ ಏರೂದು) ತಿರುಗಿ ಬರೂ ಸಂಭವ ಮೊದ್ಲ ಕೆಲವು ತಿಂಗಳದಾಗ ಭಾಳ, ಆತ್ಮಹತ್ಯೆ ಅಪಾಯನೂ ಏರತೈತಿ. ಇದು ಅಂಜಸಾಕ ಬರದದ್ದಲ್ಲ. ಗಟ್ಟಿ ಮನಸು ಅವರು ಚಟ ಅಂದ್ರು, ಲಿಥಿಯಂ ಚಟ ಹಿಡಸೂ ಔಷಧ ಅಲ್ಲ, ಯಾರೂ ದಿನಾ ಒಂದ ಗುಳಿಗಿ ಹೆಚ್ಚ ಬೇಕ ಅಂತ ಬರೂದಿಲ್ಲ ನನ್ನ ಅಂಗಡಿಗೆ.

ರೊಕ್ಕದ ತೊಂದ್ರಿ ಇದ್ರ ಜಿಲ್ಲಾ ಆಸ್ಪತ್ರ್ಯಾಗ ಮಾನಸಿಕ ವಿಭಾಗದಾಗ ಔಷಧ ಪುಗಸಟ್ಟೆ ಕೊಡ್ತಾರ, ತಾಲೂಕ ಆಸ್ಪತ್ರಿಗೆ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ಇರತೈತಿ. ಈಗ ರಾತ್ರಿ ಯಾರ ಕೂಡ ಮಾತಾಡ್ಬೇಕ ಅನಿಸಿದ್ರ 14416 ಟೆಲಿ ಮಾನಸ್ ಅಂತ ಸರಕಾರದ ಸಹಾಯವಾಣಿ ಐತಿ, ದುಡ್ಡಿಲ್ಲ, ಇಪ್ಪತ್ತನಾಕ ತಾಸೂ, ಕನ್ನಡದಾಗ ಮಾತಾಡ್ತಾರ.

ಅಕ್ಕಾರು ನಿದ್ದಿ ಕೇಳ್ಯಾರಲ್ಲ, ಅದಕ್ಕ ನೀವಿನ್ನೂ ಉತ್ತರ ಕೊಟ್ಟಿಲ್ಲ.

ಘಟಪ್ರಭಾ ದಂಡಿಯವ
ಗುರುವಾರ, ಸಂಜಿ 6:40

ಅಕ್ಕಾರ, ನಿದ್ದಿ ಮೂರೂವರಿ ತಾಸು ಆಗಾಕತ್ತಿತ್ತು. ನಿಮ್ಮ ಪ್ರಶ್ನಿ ಓದಿ ಮೊದ್ಲ ಸಿಟ್ಟ ಬಂತು, ನಾ ಖುಷಿಲೆ ಅದೀನಿ, ಅದನ್ನೂ ಜಡ್ಡ ಅಂತಾರಲ್ಲ ಅಂತ. ಆಮ್ಯಾಲ ತಂಗೀಗೆ ತೋರಿಸಿದೆ. ಅಕಿ ಏನೂ ಅನಲಿಲ್ಲ, ಫೋನ್‌ನ್ಯಾಗ ನಾ ಈ ವಾರ ಕಳಿಸಿದ ವಾಯ್ಸ್ ಮೆಸೇಜ್ ಒಂದ ಹಚ್ಚಿದ್ಲು, ಹಿಂದಿನ ತಿಂಗಳದ್ದು ಒಂದ ಹಚ್ಚಿದ್ಲು. ಎರಡೂ ನನ್ನ ದನಿ. ಈ ವಾರದ್ದು ಯಾರೋ ಬೆನ್ನ ಹತ್ತಿದಂಗ ಓಡಾಕತ್ತಿತ್ತು. ನನಗ ಗೊತ್ತ ಇರ್ಲಿಲ್ಲ.

ಇವತ್ತ ತಂಗಿ ಕೂಡ ಬಾಗಲಕೋಟಿಗೆ ಹೋಗಿ ಬಂದೆ. ಒಂದ ಹಾಳ್ಯಾಗ ಬರಕೊಂಡ ಹೋಗಿದ್ದೆ, ಕೈ, ತೂಕ, ಭಜನಿ, ಮದುವಿ, ಕಮ್ಮಿ ಮಾಡಿದ್ದು ಎಲ್ಲಾ, ಬಾಯಿ ಬರ್ಲಿಲ್ಲಂದ್ರ ಹಾಳಿನ ಕೊಡೂಣು ಅಂತ. ಖರೇನ ಬಾಯಿ ಬರ್ಲಿಲ್ಲ, ಹಾಳಿ ಕೊಟ್ಟೆ. ಡಾಕ್ಟರ್ ಪೂರಾ ಓದಿದ್ರು. ಇಷ್ಟ ದಿನ ಕೈ ಬಗ್ಗೆ ಯಾಕ ಹೇಳ್ಲಿಲ್ಲ ಅಂದ್ರು, ನೀವ ಕೇಳ್ಲಿಲ್ಲ ಸರ್ ಅಂದೆ, ಸ್ವಲ್ಪ ಹೊತ್ತ ಸುಮ್ಮ ಇದ್ದು, ಹೌದು ನಾ ಕೇಳಬೇಕಿತ್ತು ಅಂದ್ರು. ಕೈ ಮುಂದ ಚಾಚಸಿ ಬೆರಳ ಮ್ಯಾಲ ಒಂದ ಕಾಗದ ಇಟ್ಟು ನೋಡಿದ್ರು. ಲಿಥಿಯಂ ಮತ್ತ ಮೂರಕ್ಕ ಏರಿಸ್ಯಾರ, ಒಲಾಂಜಪಿನ್ ಸದ್ಯಕ್ಕ ಚಾಲೂ ಮಾಡ್ಯಾರ, ನಿದ್ದಿ ಕೂಡಿದ ಮ್ಯಾಲ, ಮದುವಿ ಗದ್ದಲ ಮುಗದ ಮ್ಯಾಲ ಅದನ್ನ 5ಕ್ಕ ಇಳಸೂಣು, ತೂಕ ನೋಡೂಣು ಅಂದಾರ. ಲಿಥಿಯಂ ಲೆವೆಲ್, ಥೈರಾಯ್ಡ್, ಕ್ರಿಯಾಟಿನಿನ್ ಬರದಾರ, ಐದಾರ ದಿನ ಮೂರ ಗುಳಿಗಿ ತಪ್ಪದ ತಗೊಂಡ ಮ್ಯಾಲ ಮಾಡ್ಸು ಅಂದ್ರು. ಹಳೇ ಫೈಲ್ ತಗದ ನೋಡಿದ್ರ ಲೆವೆಲ್ ಮಾಡಿಸಿ ಒಂದ ವರ್ಷ ನಾಕ ತಿಂಗಳ ಆಗಿತ್ತು. ಒಂದ ವಾರಕ್ಕ ತಿರುಗಿ ಬಾ ಅಂದಾರ.

ಲಿಥಿಯಂ ಎಂದಾದ್ರೂ ಬಿಡಬಹುದೇನು ಅಂತನೂ ಕೇಳಿದೆ. ಈಗ ಇಲ್ಲ, ಆದ್ರ ಆ ಪ್ರಶ್ನಿ ಪ್ರತಿ ವರ್ಷ ಕೇಳು, ಪ್ರತಿ ವರ್ಷ ಕುಂತು ಮಾತಾಡೂಣು ಅಂದ್ರು. ಇಲ್ಲ ಅಂದದ್ದಕ್ಕ ಬ್ಯಾಸರ ಆತು, ಸುಳ್ಳ ಯಾಕ ಹೇಳ್ಲಿ.

ಹುಡುಗಿಗೆ ಇನ್ನೂ ಹೇಳಿಲ್ಲ. ಭಾನುವಾರ ಬಾದಾಮಿ ಬನಶಂಕರಿಗೆ ಎರಡೂ ಮನ್ಯಾವರು ಹೋಗೂದೈತಿ, ಅಲ್ಲಿ ಹೊಂಡದ ದಂಡ್ಯಾಗ ಅಕಿ ಕೂಡ ಒಂದ ಹತ್ತ ನಿಮಿಷ ಸಿಗಬಹುದು. ಕಾಕಾಗ ಹೇಳಿಲ್ಲ, ಅವ್ವಗ ಹೇಳೀನಿ. ಅವ್ವ, ಅಕಿ ಒಲ್ಲೆ ಅಂದ್ರೂ ಅಕಿ ಮ್ಯಾಲ ಸಿಟ್ಟ ಮಾಡಬ್ಯಾಡ ಅಂದ್ಲು.

ಔಷಧ ಅಂಗಡಿ ಅಣ್ಣಾರ, ಒಂದ ಕೇಳೂದಿತ್ತು. ಬುಧವಾರ ಮುಂಜಾನೆ ಲೆವೆಲ್ ಟೆಸ್ಟಿಗೆ ಹೋಗೂಮುಂದ ಮುಂಜಾನಿ ಗುಳಿಗಿ ತಗೊಂಡ ಹೋಗಬೇಕೋ, ಹಂಗ ಹೋಗಬೇಕೋ? ಅಲ್ಲಿ ಕೇಳಾಕ ಮರತೆ.

ಔಷಧ ಅಂಗಡಿ
ಗುರುವಾರ, ಸಂಜಿ 7:05

ಹಂಗ ಹೋಗ್ರಿ. ಮಂಗಳವಾರ ರಾತ್ರಿ ಎಂಟಕ್ಕ ಗುಳಿಗಿ ತಗೊಂಡ್ರ ಬುಧವಾರ ಮುಂಜಾನೆ ಎಂಟಕ್ಕ ರಕ್ತಾ ಕೊಡ್ರಿ, ನಡುವ ಹನ್ನೆರಡ ತಾಸ ಆಗಬೇಕು, ಇಲ್ಲಂದ್ರ ಲೆಕ್ಕಾ ತಪ್ಪತೈತಿ. ಮುಂಜಾನಿ ಗುಳಿಗಿ ಕಿಸೆದಾಗ ಇಟ್ಕೊಂಡ ಹೋಗಿ ರಕ್ತಾ ಕೊಟ್ಟ ಮ್ಯಾಲ ಅಲ್ಲೇ ತಗೋರಿ. ನೀರು ಕುಡೀರಿ. ಎಷ್ಟಕ್ಕ ಗುಳಿಗಿ ತಗೊಂಡಿದ್ರಿ ಅನ್ನೂದನ್ನ ಲ್ಯಾಬಿನವರಿಗೆ ಹೇಳಿ ಚೀಟಿ ಮ್ಯಾಲ ಬರಸ್ರಿ.

ಅಥಣಿ ಅಕ್ಕ
ಗುರುವಾರ, ರಾತ್ರಿ 9:10

ಭಾನುವಾರ ಬಿಸಲ ಭಾಳ ಇರತೈತಿ, ಒಂದ ಬಾಟಲಿ ಮಜ್ಜಿಗಿ ಒಯ್ಯಿ ತಮ್ಮಾ. ಈಗ ಫೋನ್ ಇಟ್ಟ ಮಕ್ಕೋ.